ಮಂಜಿನ ಬೆಟ್ಟದ ಡಯಾನ್ ಫಾಸಿ



ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ನಿಮಗೆ ಮಂಗಗಳು ಹೊಸವಲ್ಲ. ಕೆಂಪು ಮೋರೆಯ ಮಂಗ್ಯಾ, ಕಪ್ಪು ಮೋರೆಯ ಮುಸ್ಯಾ ಎರಡನ್ನೂ ನೋಡಿರುತ್ತೀರಿ. ತೊಗರಿ ಹೊಲಕ್ಕೆ ಹಿಂಡು ಇಳಿದಾಗ ಕೂಗುತ್ತಾ ಬೆನ್ನಟ್ಟಿದವರೂ ನಿಮ್ಮಲ್ಲಿ ಇರಬಹುದು. ಮುಂದಿನ ಸಲ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಹಿಂಡಿನ ಒಂದು ಮರಿಯನ್ನು ನೋಡಿ. ತಾಯಿ ಒಂದು ಮರದಿಂದ ಇನ್ನೊಂದು ಮರಕ್ಕೆ ಜಿಗಿದರೂ ಅದು ಆಕೆಯ ಹೊಟ್ಟೆಯ ಕೂದಲನ್ನು ಬಿಡುವುದಿಲ್ಲ. ಹಾಲು, ಬಿಸುಪು, ಕಾವಲು, ಪಾಠ ಎಲ್ಲವೂ ಅದಕ್ಕೆ ಸಿಗುವುದು ಆ ತಾಯಿಯಿಂದಲೇ.

ಅಂಥ ತಾಯಿಯನ್ನು ಕೊಂದು ಯಾರೋ ಮರಿಯನ್ನು ಕದ್ದೊಯ್ದರೆ ಏನಾಗುತ್ತದೆ? ಆ ಮರಿಯನ್ನು ಮತ್ತೆ ಬದುಕಿಸುವುದು ಹೇಗೆ? ಆಫ್ರಿಕದ ಕಾಡುಗಳಲ್ಲಿ ಚಿಂಪಾಂಜಿ, ಗೊರಿಲ್ಲಾ ಮರಿಗಳಿಗೆ ಹೀಗೆ ಆಗುತ್ತಲೇ ಬಂದಿದೆ. ಅಂಥ ಮರಿಗಳನ್ನು ಬಿಡಿಸಿ ತಂದು ಸಾಕುವ ಆಶ್ರಯಧಾಮಗಳು ಈಗ ಹಲವಾರಿವೆ. ಆದರೆ 1969ರಲ್ಲೇ, ರುವಾಂಡ ದೇಶದ ಒಂದು ಬೆಟ್ಟದ ಮೇಲಿನ ಗುಡಿಸಲಿನಲ್ಲಿ, ಒಬ್ಬ ಮಹಿಳೆ ಎರಡು ಗೊರಿಲ್ಲಾ ಮರಿಗಳಿಗೆ ಎರಡು ತಿಂಗಳು ತಾಯಿಯಾಗಿದ್ದರು. ಅವರೇ ಡಯಾನ್ ಫಾಸಿ. ಈ ಸಲ ಅವರ ಜೀವನವನ್ನು ತಿಳಿಯೋಣ.

ಬಾಲವಿಲ್ಲದ ಬಂಧುಗಳು

ಮೊದಲು ಒಂದು ವ್ಯತ್ಯಾಸ ಗೊತ್ತಿರಲಿ. ಮುಸುವಕ್ಕೆ ಉದ್ದ ಬಾಲವಿದೆ. ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಒರಾಂಗುಟನ್ ಇವಕ್ಕೆ ಬಾಲವೇ ಇಲ್ಲ. ಇವುಗಳನ್ನು ಮಹಾವಾನರಗಳು ಎನ್ನುತ್ತಾರೆ. ಪ್ರಾಣಿಲೋಕದಲ್ಲಿ ಮನುಷ್ಯನಿಗೆ ಅತಿ ಹತ್ತಿರದ ಬಂಧುಗಳು ಇವೇ. ಒರಾಂಗುಟನ್ ಇರುವುದು ಏಷ್ಯಾದ ಬೋರ್ನಿಯೊ, ಸುಮಾತ್ರ ದ್ವೀಪಗಳಲ್ಲಿ. ಉಳಿದ ಮೂರೂ ಆಫ್ರಿಕದವು. ನಮ್ಮ ದೇಶದ ಕಾಡುಗಳಲ್ಲಿ ಮಹಾವಾನರಗಳಿಲ್ಲ. ಈಶಾನ್ಯ ರಾಜ್ಯಗಳಲ್ಲಿ ಹೂಲಾಕ್ ಗಿಬ್ಬನ್ ಎಂಬ ಚಿಕ್ಕ ವಾನರವಿದೆ, ಅದಕ್ಕೂ ಬಾಲವಿಲ್ಲ.

ಮಹಾವಾನರಗಳ ಬಾಲ್ಯ ಬಹಳ ದೀರ್ಘ. ಎಮ್ಮೆಯ ಕರು ಹುಟ್ಟಿದ ದಿನವೇ ಎದ್ದು ನಿಲ್ಲುತ್ತದೆ. ಗೊರಿಲ್ಲಾ ಮರಿ ಮೂರು-ನಾಲ್ಕು ವರ್ಷ ತಾಯಿಯ ಹಾಲು ಕುಡಿಯುತ್ತದೆ, ರಾತ್ರಿ ಆಕೆಯ ಗೂಡಿನಲ್ಲೇ ಮಲಗುತ್ತದೆ. ಯಾವ ಎಲೆ ತಿನ್ನಬೇಕು, ಮುಳ್ಳಿನ ಕಾಂಡವನ್ನು ಹೇಗೆ ಮಡಿಚಿ ಬಾಯಿಗೆ ಹಾಕಬೇಕು, ಯಾರಿಗೆ ಹೆದರಬೇಕು ಎಂಬುದನ್ನೆಲ್ಲ ನೋಡಿ ನೋಡಿ ಕಲಿಯುತ್ತದೆ. ಹೆಣ್ಣು ಗೊರಿಲ್ಲಾ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಹಾಗಾಗಿ ಒಂದು ಮರಿ ಹೋದರೂ ಆ ನಷ್ಟ ತುಂಬಲು ವರ್ಷಗಳೇ ಬೇಕು.

ಆಸ್ಪತ್ರೆಯಿಂದ ಆಫ್ರಿಕಕ್ಕೆ

ಡಯಾನ್ ಫಾಸಿ ಹುಟ್ಟಿದ್ದು 1932ರ ಜನವರಿ 16ರಂದು, ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ. ಅವರು ಚಿಕ್ಕವರಿದ್ದಾಗಲೇ ತಂದೆ-ತಾಯಿ ಬೇರೆಯಾದರು. ತಾಯಿ ಮರುಮದುವೆಯಾದರು. ಆ ಮನೆಯಲ್ಲಿ ಬಾಲಕಿಗೆ ಅಷ್ಟು ಅಕ್ಕರೆ ಸಿಗಲಿಲ್ಲ. ಆಕೆಗೆ ಪ್ರಾಣಿಗಳೆಂದರೆ ಪ್ರಾಣ. ಕುದುರೆ ಸವಾರಿಯನ್ನು ಚಿಕ್ಕಂದಿನಲ್ಲೇ ಕಲಿತಳು.

ಮುಂದೆ ಪಶುವೈದ್ಯೆಯಾಗಬೇಕೆಂದು ಕಾಲೇಜು ಸೇರಿದರು. ಆದರೆ ಭೌತಶಾಸ್ತ್ರ, ರಸಾಯನಶಾಸ್ತ್ರ ಕೈಹಿಡಿಯಲಿಲ್ಲ. ಆಗ ದಾರಿ ಬದಲಿಸಿ 1954ರಲ್ಲಿ ಇನ್ನೊಂದು ಪದವಿ ಪಡೆದರು. ಅದು ಕಾಯಿಲೆಯಿಂದ ಕೈಕಾಲು ಸ್ವಾಧೀನ ತಪ್ಪಿದವರಿಗೆ ಗುಂಡಿ ಹಾಕುವುದು, ಚಮಚ ಹಿಡಿಯುವುದು, ನಡೆಯುವುದು ಮುಂತಾದ ನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ವಿದ್ಯೆ. ಕೆಂಟಕಿ ರಾಜ್ಯದ ಲೂಯಿವಿಲ್ ಊರಿನಲ್ಲಿ ಅಂಗವೈಕಲ್ಯವಿದ್ದ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಹತ್ತು ವರ್ಷದಷ್ಟು ಕಾಲ ದುಡಿದರು.

ಮಾತಾಡಲು ಒಲ್ಲದ, ಹೊಸಬರನ್ನು ಕಂಡರೆ ಮುದುಡಿಕೊಳ್ಳುವ ಮಕ್ಕಳ ಹತ್ತಿರ ಅವಸರ ಮಾಡದೆ ಕೂತು ಕಾಯುವುದು ಆ ಕೆಲಸದಲ್ಲಿ ಮುಖ್ಯ. ನನಗನ್ನಿಸುವಂತೆ, ಫಾಸಿಯವರು ಗೊರಿಲ್ಲಾಗಳ ನಡುವೆ ಗೆದ್ದದ್ದು ಆಸ್ಪತ್ರೆಯಲ್ಲಿ ಕಲಿತ ಈ ತಾಳ್ಮೆಯಿಂದಲೇ.

1963ರಲ್ಲಿ ಉಳಿಸಿದ ಹಣದ ಜೊತೆಗೆ ಸಾಲವನ್ನೂ ಮಾಡಿ ಏಳು ವಾರಗಳ ಆಫ್ರಿಕ ಪ್ರವಾಸಕ್ಕೆ ಹೊರಟರು. ಆದಿಮಾನವನ ಪಳೆಯುಳಿಕೆಗಳನ್ನು ಅಗೆದು ತೆಗೆಯುತ್ತಿದ್ದ ಹೆಸರಾಂತ ವಿಜ್ಞಾನಿ ಲೂಯಿ ಲೀಕಿಯವರನ್ನು ಭೇಟಿಯಾದರು. ಅಲ್ಲಿಯೇ ಜಾರಿ ಬಿದ್ದು ಕಾಲು ಉಳುಕಿಸಿಕೊಂಡರು. ಆ ನೋವಿನಲ್ಲೇ ಕಾಂಗೊ ದೇಶದ ಬೆಟ್ಟ ಹತ್ತಿ ಮೊದಲ ಬಾರಿಗೆ ಪರ್ವತ ಗೊರಿಲ್ಲಾಗಳನ್ನು ಕಂಡರು. ಊರಿಗೆ ಮರಳಿದ ಮೇಲೂ ಅವು ಅವರ ಮನಸ್ಸಿನಿಂದ ಹೋಗಲಿಲ್ಲ.

1966ರಲ್ಲಿ ಲೀಕಿಯವರು ಭಾಷಣ ಮಾಡಲು ಲೂಯಿವಿಲ್‌ಗೇ ಬಂದರು. ಚಿಂಪಾಂಜಿಗಳ ಅಧ್ಯಯನಕ್ಕೆ ಜೇನ್ ಗುಡಾಲ್ ಎಂಬ ತರುಣಿಯನ್ನು 1960ರಲ್ಲಿ ಟಾಂಜಾನಿಯದ ಗೊಂಬೆ ಕಾಡಿಗೆ ಕಳಿಸಿದ್ದವರು ಅವರೇ. ಗೊರಿಲ್ಲಾಗಳ ಅಧ್ಯಯನಕ್ಕೂ ಅಂಥ ಒಬ್ಬರು ಅವರಿಗೆ ಬೇಕಿತ್ತು. ದೂರದ ಬೆಟ್ಟದಲ್ಲಿ ಹೊಟ್ಟೆನೋವು ಬಂದರೆ ವೈದ್ಯರು ಸಿಗುವುದಿಲ್ಲ, ಆದ್ದರಿಂದ ಮೊದಲೇ ಅಪೆಂಡಿಕ್ಸ್ ತೆಗೆಸಿಕೊಳ್ಳುವುದು ಒಳ್ಳೆಯದು ಎಂದು ಫಾಸಿಗೆ ಸೂಚಿಸಿದರು. ಫಾಸಿ ನಿಜವಾಗಿಯೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು! ಆಮೇಲೆ ಲೀಕಿಯವರಿಂದ ಪತ್ರ ಬಂತು. ಅದು ಅವರ ಛಲ ಎಷ್ಟಿದೆ ಎಂದು ನೋಡಲು ಮಾಡಿದ ಪರೀಕ್ಷೆಯಷ್ಟೇ ಆಗಿತ್ತು.

ಮಂಜು, ಮಳೆ, ತುರುಚೆ ಗಿಡ

1966ರ ಕೊನೆಯಲ್ಲಿ ಫಾಸಿ ಆಫ್ರಿಕ ತಲುಪಿದರು. ಗೊಂಬೆಯಲ್ಲಿ ಗುಡಾಲ್ ಅವರ ಶಿಬಿರವನ್ನು ಕೆಲವು ದಿನ ನೋಡಿ, 1967ರ ಆರಂಭದಲ್ಲಿ ಕಾಂಗೊದ ಬೆಟ್ಟದಲ್ಲಿ ಕೆಲಸ ಶುರು ಮಾಡಿದರು. ಆರು ತಿಂಗಳಲ್ಲೇ ಆ ದೇಶದಲ್ಲಿ ಗಲಭೆ ಎದ್ದಿತು. ಅವರು ಬೆಟ್ಟ ಬಿಟ್ಟು ಇಳಿಯಬೇಕಾಯಿತು. ಬೇರೆ ಯಾರಾದರೂ ಆಗಿದ್ದರೆ ಊರಿಗೆ ಹೊರಡುತ್ತಿದ್ದರೇನೊ. ಫಾಸಿ ಗಡಿಯ ಆಚೆಗಿನ ರುವಾಂಡಕ್ಕೆ ಹೋಗಿ 1967ರ ಸೆಪ್ಟೆಂಬರ್ 24ರಂದು ಮತ್ತೆ ಡೇರೆ ಹಾಕಿದರು. ಕರಿಸಿಂಬಿ, ಬಿಸೋಕೆ ಎಂಬ ಎರಡು ಜ್ವಾಲಾಮುಖಿ ಪರ್ವತಗಳ ನಡುವಿನ ಜಾಗ ಅದು. ಎರಡೂ ಹೆಸರನ್ನು ಕೂಡಿಸಿ ಅದಕ್ಕೆ ಕರಿಸೋಕೆ ಎಂದು ಹೆಸರಿಟ್ಟರು.

ವಿರುಂಗ ಎಂದು ಕರೆಯುವ ಈ ಪರ್ವತ ಸಾಲು ರುವಾಂಡ, ಉಗಾಂಡ, ಕಾಂಗೊ ಮೂರು ದೇಶಗಳಲ್ಲಿ ಹರಡಿದೆ. ಗೊರಿಲ್ಲಾಗಳಿರುವ ಕಾಡಿನ ಉದ್ದ ಸುಮಾರು 40 ಕಿಲೋಮೀಟರ್ ಮಾತ್ರ. ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು 30 ಕಿಲೋಮೀಟರ್ ಇದೆಯಲ್ಲವೇ? ಬಸ್ಸಿನಲ್ಲಿ ಕೂತು ಆ ದಾರಿಯನ್ನು ಒಮ್ಮೆ ನೆನೆಯಿರಿ. ಅದಕ್ಕೆ ಇನ್ನೊಂದು ಹತ್ತು ಕಿಲೋಮೀಟರ್ ಸೇರಿಸಿದರೆ ವಿರುಂಗದ ಗೊರಿಲ್ಲಾಗಳ ಇಡೀ ಪ್ರಪಂಚ ಮುಗಿಯಿತು. ಅದರಾಚೆ ಎಲ್ಲ ಹೊಲ, ಮನೆ, ಊರು. ಪರ್ವತ ಗೊರಿಲ್ಲಾಗಳು ಇದನ್ನು ಬಿಟ್ಟರೆ ಇರುವುದು ಉಗಾಂಡದ ಬ್ವಿಂಡಿ ಕಾಡಿನ ಕಡೆ ಮಾತ್ರ.

ಕರಿಸೋಕೆ ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಬೀಳುವ ಮಳೆಯ ಸುಮಾರು ಇಮ್ಮಡಿ ಮಳೆ ಅಲ್ಲಿ ಬೀಳುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಬೇಯುವ ನಮಗೆ ಆ ಚಳಿ, ಆ ಮಂಜು ಊಹಿಸುವುದೂ ಕಷ್ಟ. ಫಾಸಿಗೆ ಎತ್ತರವೆಂದರೆ ಭಯ. ಶ್ವಾಸಕೋಶವೂ ದುರ್ಬಲ. ಅದರ ಮೇಲೆ ಸಿಗರೇಟು ಸೇದುವ ಕೆಟ್ಟ ಅಭ್ಯಾಸ ಬೇರೆ. ಆದರೂ ಕೆಸರಿನಲ್ಲಿ ಜಾರುತ್ತಾ, ಮೈ ಉರಿಸುವ ತುರುಚೆ ಗಿಡಗಳ ನಡುವೆ ತೆವಳುತ್ತಾ ನಿತ್ಯ ಗೊರಿಲ್ಲಾಗಳ ಜಾಡು ಹಿಡಿದು ಹೋಗುತ್ತಿದ್ದರು. ಸ್ಥಳೀಯ ಜಾಡುಗಾರರು ಅವರ ಜೊತೆಗಿದ್ದರು. ಸುತ್ತಲಿನ ಜನ ಅವರನ್ನು ಬೆಟ್ಟದಲ್ಲಿ ಒಂಟಿಯಾಗಿರುವ ಹೆಂಗಸು ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು.

ಮೊದಮೊದಲು ಗೊರಿಲ್ಲಾಗಳು ಅವರನ್ನು ಕಂಡೊಡನೆ ಓಡುತ್ತಿದ್ದವು, ಇಲ್ಲವೇ ಎದೆ ಬಡಿದುಕೊಂಡು ಅಬ್ಬರಿಸುತ್ತಿದ್ದವು. ಫಾಸಿ ಒಂದು ಉಪಾಯ ಮಾಡಿದರು. ಎದ್ದು ನಿಲ್ಲುವುದನ್ನು ಬಿಟ್ಟರು. ಕೈಯ ಗೆಣ್ಣುಗಳನ್ನು ನೆಲಕ್ಕೂರಿ ಗೊರಿಲ್ಲಾದಂತೆ ನಡೆದರು. ಮೈ ಕೆರೆದುಕೊಂಡರು. ಕಾಡು ಸೆಲೆರಿಯ ಕಾಂಡವನ್ನು ಸದ್ದು ಮಾಡುತ್ತಾ ಅಗಿದರು. ಸೆಲೆರಿ ಎಂದರೆ ನಮ್ಮ ಕೊತ್ತಂಬರಿ, ಅಜವಾನದ ಕುಟುಂಬಕ್ಕೆ ಸೇರಿದ ಗಿಡ. ಹೊಟ್ಟೆ ತುಂಬಿದ ಗೊರಿಲ್ಲಾಗಳು ಗಂಟಲಿನಿಂದ ಹೊರಡಿಸುವ ಸಮಾಧಾನದ ಸದ್ದನ್ನೂ ಕಲಿತರು. ತಿಂಗಳುಗಳು ಕಳೆದವು. ಗೊರಿಲ್ಲಾಗಳ ಹೆದರಿಕೆ ಕಡಿಮೆಯಾಗಿ ಕುತೂಹಲ ಹೆಚ್ಚಿತು. 1970ರಲ್ಲಿ ಪೀನಟ್ಸ್ ಎಂದು ಹೆಸರಿಟ್ಟಿದ್ದ ಗಂಡು ಗೊರಿಲ್ಲಾ ಬಳಿಗೆ ಬಂದು ಫಾಸಿಯ ಕೈಯನ್ನು ಮೆಲ್ಲಗೆ ಮುಟ್ಟಿತು!

ಒಂದೊಂದು ಗೊರಿಲ್ಲಾವನ್ನೂ ಗುರುತಿಸುವುದು ಹೇಗೆ? ಮನುಷ್ಯರ ಬೆರಳಚ್ಚು ಬೇರೆ ಬೇರೆ ಇರುವಂತೆ ಗೊರಿಲ್ಲಾಗಳ ಮೂಗಿನ ಮೇಲಿನ ಗೆರೆ, ಮೂಗಿನ ಹೊಳ್ಳೆಯ ಆಕಾರ ಒಂದರಂತೆ ಒಂದಿರುವುದಿಲ್ಲ. ಫಾಸಿ ಪ್ರತಿಯೊಂದರ ಮೂಗಿನ ಚಿತ್ರ ಬರೆದು ಹೆಸರಿಟ್ಟರು. ನೀವೂ ಇದನ್ನು ಮಾಡಿ ನೋಡಬಹುದು. ನಿಮ್ಮೂರಿನ ಮುಸುವಗಳ ಹಿಂಡನ್ನು ದೂರದಿಂದ ನೋಡಿ, ಕಿವಿ ಹರಿದದ್ದು, ಬಾಲ ಮೊಂಡಾದದ್ದು, ಮರಿ ಹೊತ್ತದ್ದು ಹೀಗೆ ಗುರುತು ಬರೆದುಕೊಳ್ಳಿ. ಹತ್ತು ದಿನದಲ್ಲಿ ಎಷ್ಟನ್ನು ಗುರುತಿಸಬಲ್ಲಿರಿ ನೋಡಿ. ಆದರೆ ತಿನ್ನಲು ಏನನ್ನೂ ಕೊಡಬೇಡಿ, ತೀರಾ ಹತ್ತಿರವೂ ಹೋಗಬೇಡಿ.

ಕೋಕೊ ಮತ್ತು ಪಕರ್

ಈಗ 1969ರ ಕಥೆಗೆ ಬರೋಣ. ಜರ್ಮನಿಯ ಕಲೋನ್ ನಗರದ ಮೃಗಾಲಯಕ್ಕೆ ಪರ್ವತ ಗೊರಿಲ್ಲಾ ಮರಿ ಬೇಕಾಗಿತ್ತು. ಉದ್ಯಾನವನ್ನು ಕಾಯಬೇಕಾದ ಅಧಿಕಾರಿಯೇ ಕಳ್ಳಬೇಟೆಗಾರರಿಂದ ಮರಿಗಳನ್ನು ಹಿಡಿಸಿದ. ಗೊರಿಲ್ಲಾ ಮರಿಯನ್ನು ಹಿಡಿಯುವುದೆಂದರೆ ಕೋಳಿಮರಿ ಹಿಡಿದಂತಲ್ಲ. ತಾಯಿ ಮರಿಯನ್ನು ಬಿಡುವುದಿಲ್ಲ. ಹಿಂಡಿನ ಯಜಮಾನನಾದ ಬೆಳ್ಳಿಬೆನ್ನಿನ ಗಂಡು ಒಂದೂವರೆ ಕ್ವಿಂಟಾಲ್‌ಗೂ ಹೆಚ್ಚು ತೂಕದ ಪ್ರಾಣಿ. ಮರಿಗಾಗಿ ಅದು ಪ್ರಾಣ ಕೊಡುತ್ತದೆ. ಉಳಿದವೂ ಎದುರು ನಿಲ್ಲುತ್ತವೆ. ಎರಡು ಮರಿಗಳನ್ನು ಹಿಡಿಯುವಾಗ ಸತ್ತ ದೊಡ್ಡ ಗೊರಿಲ್ಲಾಗಳು ಹದಿನೆಂಟಕ್ಕೆ ಕಡಿಮೆ ಇರಲಿಲ್ಲ.

ಮೊದಲ ಮರಿ ಚಿಕ್ಕ ಪಂಜರದಲ್ಲಿ ಸಾಯುವ ಸ್ಥಿತಿಯಲ್ಲಿತ್ತು. ಅದು ಸತ್ತರೆ ವ್ಯವಹಾರ ಕೆಡುತ್ತದೆ ಎಂದು ಚಿಕಿತ್ಸೆಗಾಗಿ ಫಾಸಿಯ ಕೈಗೆ ಕೊಟ್ಟರು. ಕೂಲಿಯಾಳುಗಳು ಅದನ್ನು ಬೆಟ್ಟದ ಮೇಲೆ ಹೊತ್ತು ತಂದರು. ಫಾಸಿ ಅದಕ್ಕೆ ಕೋಕೊ ಎಂದು ಹೆಸರಿಟ್ಟರು. ಕೆಲವೇ ದಿನಗಳಲ್ಲಿ ಇನ್ನೊಂದು ಮರಿ ಬಂತು. ಅದು ಪಕರ್. ಎರಡೂ ಹೆಣ್ಣು. ಎರಡರ ಮೈಮೇಲೂ ಹಿಡಿಯುವಾಗ ಆದ ಗಾಯಗಳು. ಎರಡಕ್ಕೂ ಮನುಷ್ಯರೆಂದರೆ ಭಯ.

ಫಾಸಿ ತಮ್ಮ ಗುಡಿಸಲಿನ ಒಂದು ಕೋಣೆಯನ್ನು ಖಾಲಿ ಮಾಡಿಸಿ ಕಾಡನ್ನೇ ಒಳಗೆ ತಂದರು. ಗಿಡ, ಬಳ್ಳಿ, ಎಲೆ, ಹುಲ್ಲು ತರಿಸಿ ಹಾಸಿದರು. ಮರಿಗಳಿಗೆ ಗೊತ್ತಿದ್ದ ಸೊಪ್ಪುಗಳನ್ನೇ ನಿತ್ಯ ಹೊಸದಾಗಿ ತರಬೇಕಿತ್ತು. ಹಾಲಿನಲ್ಲಿ ಔಷಧಿ ಬೆರೆಸಿ ಕುಡಿಸಬೇಕಿತ್ತು. ಹಗಲು-ರಾತ್ರಿ ಎನ್ನದೆ ಎದ್ದು ನೋಡಬೇಕಿತ್ತು. ಹೇತದ್ದನ್ನು ಬಳಿದು, ಕೊಳೆತ ಸೊಪ್ಪು ತೆಗೆದು, ಮತ್ತೆ ಹಾಸಬೇಕಿತ್ತು. ಅಳುವಾಗ ಮಡಿಲಲ್ಲಿ ಕೂರಿಸಿಕೊಳ್ಳಬೇಕಿತ್ತು. ಇವನ್ನೆಲ್ಲ ನೋಡಿದ ಶಿಬಿರದ ಅಡುಗೆಯವನು, ತಾನು ಅಡುಗೆ ಮಾಡುವುದು ಮನುಷ್ಯರಿಗೆ ಮಾತ್ರ ಎಂದು ಮುನಿದನಂತೆ! ಅವನ ಕಷ್ಟವೂ ನಿಜವೇ ಅನ್ನಿ.

ಬಂದ ದಿನ ಕೋಕೊ ಕಿಟಕಿಯ ಬಳಿ ಹತ್ತಿ ಕೂತು ಹೊರಗಿನ ಬೆಟ್ಟವನ್ನು ನೋಡಿ ಬಿಕ್ಕಿತು. ಅದರ ಕಣ್ಣಿನಿಂದ ನೀರು ಇಳಿಯಿತು ಎಂದು ಫಾಸಿ ದಾಖಲಿಸಿದ್ದಾರೆ. ಗೊರಿಲ್ಲಾ ಕಣ್ಣೀರು ಹಾಕಿದ್ದನ್ನು ಅವರು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಕಣ್ಣೀರಿಗೆ ಕಾರಣ ದುಃಖವೇ ಎಂದು ಒಂದೇ ಸಲ ನೋಡಿ ವಿಜ್ಞಾನ ಒಪ್ಪುವುದಿಲ್ಲ. ಆದರೆ ಮರಿ ಕಿಟಕಿಯಿಂದ ನೋಡಿದ್ದು ತನ್ನ ಹಿಂಡು ಇದ್ದ ಬೆಟ್ಟಗಳ ಕಡೆಗೇ.

ವಾರಗಳು ಕಳೆದಂತೆ ಮರಿಗಳು ಚೇತರಿಸಿಕೊಂಡವು. ಗಾಯ ಮಾಯಿತು. ಒಂದನ್ನೊಂದು ಅಪ್ಪಿಕೊಂಡು ಮಲಗತೊಡಗಿದವು. ಹೊರಗೆ ಕರೆದೊಯ್ದರೆ ಹುಲ್ಲಿನ ಮೇಲೆ ಉರುಳಾಡುತ್ತಿದ್ದವು, ಶಿಬಿರದ ನಾಯಿಯೊಂದಿಗೆ ಆಡುತ್ತಿದ್ದವು. ಅವುಗಳ ಜೊತೆಗಿದ್ದುಕೊಂಡು ಫಾಸಿ ಕೂಡ ಕಲಿತರು. ಯಾವ ಸದ್ದು ಹಸಿವಿನದು, ಯಾವುದು ಹೆದರಿಕೆಯದು, ಯಾವ ಸೊಪ್ಪಿನ ಯಾವ ಭಾಗ ಮರಿಗೆ ಇಷ್ಟ ಎಂಬುದನ್ನು ಕಾಡಿನಲ್ಲಿ ದೂರದಿಂದ ಅಷ್ಟು ಚೆನ್ನಾಗಿ ನೋಡಲಾಗುತ್ತಿರಲಿಲ್ಲ.

ಮರಿಗಳನ್ನು ಕಾಡಿನ ಒಂದು ಹಿಂಡಿಗೆ ಸೇರಿಸಬೇಕೆಂಬುದು ಫಾಸಿಯ ಆಸೆಯಾಗಿತ್ತು. ಆದರೆ ಅಧಿಕಾರಿ ಒಪ್ಪಲಿಲ್ಲ. ಇವನ್ನು ಕೊಡದಿದ್ದರೆ ಬೇರೆ ಮರಿಗಳನ್ನು ಹಿಡಿಸುವುದಾಗಿ ಹೆದರಿಸಿದ. ಈಗ ನೀವೇ ಯೋಚಿಸಿ. ಕೊಟ್ಟರೆ ತಾನು ಉಳಿಸಿದ ಮರಿಗಳು ಪಂಜರಕ್ಕೆ ಹೋಗುತ್ತವೆ. ಕೊಡದಿದ್ದರೆ ಕಾಡಿನಲ್ಲಿ ಇನ್ನೊಂದು ಸಂಸಾರ ಸಾಯುತ್ತದೆ. ಫಾಸಿ ಮರಿಗಳನ್ನು ಕೊಟ್ಟರು. 1969ರ ಮೇ ತಿಂಗಳಲ್ಲಿ ಕೋಕೊ, ಪಕರ್ ಎರಡೂ ಜರ್ಮನಿಗೆ ಹೋದವು. ಮೃಗಾಲಯದಲ್ಲಿ ಒಂಬತ್ತು ವರ್ಷ ಬದುಕಿ 1978ರಲ್ಲಿ ಒಂದೇ ತಿಂಗಳ ಅಂತರದೊಳಗೆ ಎರಡೂ ಸತ್ತವು. ನಲವತ್ತು ವರ್ಷ ದಾಟಿಯೂ ಬದುಕಬಲ್ಲ ಪ್ರಾಣಿಗಳು ಅವು. ಆ ಮರಿಗಳೊಂದಿಗೆ ಫಾಸಿ ನಡೆಯುತ್ತಿರುವ ಚಿತ್ರ 1970ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಗಿ ಜಗತ್ತೆಲ್ಲ ನೋಡಿತು.

ಡಿಜಿಟ್‌ನ ಸಾವು

ಮುಂದೆ ಫಾಸಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಆದರೆ ಅವರ ಗಮನ ಅಧ್ಯಯನಕ್ಕಿಂತ ಕಾವಲಿನ ಕಡೆಗೆ ವಾಲತೊಡಗಿತು. ಕಾಡಿನಲ್ಲಿ ಎಲ್ಲೆಲ್ಲೂ ಜಿಂಕೆಯಂಥ ಪ್ರಾಣಿಗಳಿಗೆಂದು ಒಡ್ಡಿದ ತಂತಿಯ ಉರುಲುಗಳಿದ್ದವು. ಅವುಗಳಲ್ಲಿ ಗೊರಿಲ್ಲಾಗಳ ಕೈಕಾಲೂ ಸಿಕ್ಕಿ ಕೊಳೆಯುತ್ತಿತ್ತು.

ಫಾಸಿಗೆ ಎಲ್ಲಕ್ಕಿಂತ ಪ್ರೀತಿಯದಾಗಿದ್ದ ಗೊರಿಲ್ಲಾದ ಹೆಸರು ಡಿಜಿಟ್. ಬೆರಳೊಂದು ಊನವಾಗಿದ್ದುದರಿಂದ ಬಂದ ಹೆಸರು ಅದು. ಮರಿಯಾಗಿದ್ದಾಗಿನಿಂದ ಹತ್ತು ವರ್ಷ ಅದನ್ನು ನೋಡಿದ್ದರು. 1977ರ ಡಿಸೆಂಬರ್ 31ರಂದು ಕಳ್ಳಬೇಟೆಗಾರರು ಹಿಂಡಿನ ಮೇಲೆ ಬಿದ್ದಾಗ ಡಿಜಿಟ್ ಅವರನ್ನು ತಡೆದು ನಿಂತಿತು. ಹಿಂಡು ಪಾರಾಯಿತು. ಡಿಜಿಟ್ ಈಟಿಯ ತಿವಿತಕ್ಕೆ ಸತ್ತಿತು. ಅದರ ಹೆಸರಿನಲ್ಲಿ 1978ರಲ್ಲಿ ಫಾಸಿ ಒಂದು ನಿಧಿ ಆರಂಭಿಸಿದರು. ಆ ಹಣದಿಂದ ಕಾವಲು ಪಡೆಗಳು ಕಾಡು ಸುತ್ತಿ ಉರುಲು ಕತ್ತರಿಸತೊಡಗಿದವು.

ಅದೇ ವರ್ಷ ಜುಲೈಯಲ್ಲಿ ಅದೇ ಹಿಂಡಿನ ಯಜಮಾನ ಅಂಕಲ್ ಬರ್ಟ್, ಮಾಚೊ ಎಂಬ ತಾಯಿ ಇಬ್ಬರನ್ನೂ ಗುಂಡಿಟ್ಟು ಕೊಂದರು. ಅವುಗಳ ಮೂರು ವರ್ಷದ ಮರಿ ಕ್ವೆಲಿಗೂ ಗುಂಡು ತಗುಲಿತು. ತಬ್ಬಲಿಯಾದ ಕ್ವೆಲಿಯನ್ನು ಟೈಗರ್ ಎಂಬ ತರುಣ ಗಂಡು ತನ್ನ ಗೂಡಿನಲ್ಲಿ ಮಲಗಿಸಿಕೊಂಡಿತು, ಅದರ ಗಾಯದ ಸುತ್ತಲಿನ ಕೂದಲನ್ನು ಹಿಕ್ಕಿತು. ಮೂರು ತಿಂಗಳಲ್ಲಿ ಗಾಯ ಕೊಳೆತು ಕ್ವೆಲಿ ಸತ್ತಿತು. ಟೈಗರ್ ಮಾಡಿದ ಆರೈಕೆಯನ್ನು ನೆನಪಿಟ್ಟುಕೊಳ್ಳಿ, ಅದರ ವಿಷಯ ಮತ್ತೆ ಬರುತ್ತದೆ.

1980ರ ಹೊಸ ವರ್ಷದ ದಿನ ಕಳ್ಳಬೇಟೆಗಾರರಿಂದ ಬಿಡಿಸಿದ ಇನ್ನೊಂದು ಮರಿ ಫಾಸಿಯ ಕೈಸೇರಿತು. ಅದಕ್ಕೆ ಫ್ರೆಂಚ್ ಭಾಷೆಯಲ್ಲಿ ಹೊಸ ವರ್ಷದ ಶುಭಾಶಯ ಎಂಬ ಅರ್ಥದ ಬೊನ್ ಅನೇ ಎಂಬ ಹೆಸರು ಇಟ್ಟರು. ಈ ಸಲ ತಡೆಯುವವರಿರಲಿಲ್ಲ. ಚೇತರಿಸಿದ ಮೇಲೆ ಕಾಡಿಗೆ ಒಯ್ದರು. ಮೊದಲ ಹಿಂಡಿನವು ಹೊಸ ಮರಿಯನ್ನು ಹೊಡೆದು ಕಚ್ಚಿದವು. ಅದನ್ನು ಮತ್ತೆ ಎತ್ತಿ ತಂದು ಇನ್ನೊಂದು ಹಿಂಡಿನ ಹತ್ತಿರ ಬಿಟ್ಟರು. ಆ ಹಿಂಡು ಸೇರಿಸಿಕೊಂಡಿತು. ಸುಮಾರು ಒಂದು ವರ್ಷ ಕಾಡಿನ ಗೊರಿಲ್ಲಾ ಆಗಿಯೇ ಬಾಳಿದ ಅದು ಆಮೇಲೆ ನ್ಯುಮೋನಿಯಾದಿಂದ ಸತ್ತಿತು.

ಫಾಸಿಯ ಎಲ್ಲ ನಡತೆಯನ್ನೂ ಮೆಚ್ಚಬೇಕೆಂದಿಲ್ಲ. ಸಿಕ್ಕಿಬಿದ್ದ ಕಳ್ಳಬೇಟೆಗಾರರನ್ನು ಅವರು ಹೆದರಿಸುತ್ತಿದ್ದರು, ಹೊಡೆದದ್ದೂ ಉಂಟು. ಕಾಡಿಗೆ ದನ ಹೊಡೆದವರೊಂದಿಗೆ ಜಗಳಕ್ಕೆ ನಿಲ್ಲುತ್ತಿದ್ದರು. ಆ ಜನ ಕಡು ಬಡವರು, ಹೊಲ ಸಾಲದೆ ಕಾಡಿಗೆ ನುಗ್ಗಿದವರು. ಅವರನ್ನು ಜೊತೆಗೆ ಕರೆದುಕೊಂಡು ಹೋಗುವ ದಾರಿ ಫಾಸಿಗೆ ಸಿಗಲಿಲ್ಲ. ಗೊರಿಲ್ಲಾ ನೋಡಲು ಪ್ರವಾಸಿಗರು ಬರುವುದನ್ನೂ ಅವರು ಒಪ್ಪುತ್ತಿರಲಿಲ್ಲ. ಆದರೆ ಮುಂದೆ ಪ್ರವಾಸಿಗರ ಹಣವೇ ಕಾವಲಿಗೆ, ಸುತ್ತಲಿನ ಹಳ್ಳಿಗಳಿಗೆ ನೆರವಾಯಿತು.

1983ರಲ್ಲಿ ಅವರ ಪುಸ್ತಕ ಪ್ರಕಟವಾಗಿ ಬಹಳ ಹೆಸರು ಮಾಡಿತು. 1985ರ ಡಿಸೆಂಬರ್ ಕೊನೆಯ ವಾರ, ಕರಿಸೋಕೆಯ ಗುಡಿಸಲಿನಲ್ಲಿ ರಾತ್ರಿ ಯಾರೋ ಅವರನ್ನು ಕೊಂದರು. ಆಗ ಅವರಿಗೆ 53 ವರ್ಷ. ರುವಾಂಡದ ನ್ಯಾಯಾಲಯ ಒಬ್ಬರನ್ನು ಅಪರಾಧಿ ಎಂದಿತಾದರೂ ಅದನ್ನು ಅನೇಕರು ನಂಬುವುದಿಲ್ಲ. ಅವರನ್ನು ಗೊರಿಲ್ಲಾಗಳ ಸಮಾಧಿಗಳ ನಡುವೆ, ಡಿಜಿಟ್‌ನ ಪಕ್ಕದಲ್ಲೇ ಮಣ್ಣು ಮಾಡಿದರು.

ಇಂದಿನ ಪಾಲಕರು

ಕೋಕೊ, ಪಕರ್‌ಗೆ ಸಿಗದ ಆಶ್ರಯ ಈಗಿನ ತಬ್ಬಲಿ ಮರಿಗಳಿಗೆ ಸಿಗುತ್ತಿದೆ. ಚಿಂಪಾಂಜಿಗಳಿಗಾಗಿ ಜೇನ್ ಗುಡಾಲ್ ಅವರ ಸಂಸ್ಥೆ 1992ರಲ್ಲಿ ಕಾಂಗೊ ಗಣರಾಜ್ಯದ ಚಿಂಪುಂಗದಲ್ಲಿ ಆಶ್ರಯಧಾಮ ತೆರೆಯಿತು. ಗುಡಾಲ್ 2025ರ ಅಕ್ಟೋಬರ್ 1ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಉಗಾಂಡದ ವಿಕ್ಟೋರಿಯಾ ಸರೋವರದಲ್ಲಿ ಗಂಬಾ ಎಂಬ ದ್ವೀಪವೇ 1998ರಿಂದ ಚಿಂಪಾಂಜಿಗಳ ಮನೆ.

ಅಲ್ಲಿನ ಪಾಲಕರ ದಿನ ಬೆಳಗಾಗುವ ಮೊದಲೇ ಶುರು. ಮೊದಲ ಕೆಲಸ ಎಣಿಸುವುದು. ಆಮೇಲೆ ಕಿವಿಗೊಡುವುದು. ಯಾವುದಾದರೂ ಕೆಮ್ಮುತ್ತಿದೆಯೇ? ಯಾವುದು ತಿನ್ನದೆ ಮೂಲೆ ಹಿಡಿದಿದೆ? ಮನುಷ್ಯರ ನೆಗಡಿ, ಕ್ಷಯ ವಾನರಗಳಿಗೂ ತಗಲುತ್ತವೆ. ಆದ್ದರಿಂದ ಪಾಲಕರಿಗೂ ಆರೋಗ್ಯ ಪರೀಕ್ಷೆ ಇರುತ್ತದೆ. ಹೊಸದಾಗಿ ಬಂದ ಮರಿಯನ್ನು ರೋಗವಿಲ್ಲವೆಂದು ಖಚಿತವಾಗುವ ತನಕ ಬೇರೆಯೇ ಇಡುತ್ತಾರೆ. ಬೇರೆ ಎಂದರೆ ಒಂಟಿಯಲ್ಲ, ಒಬ್ಬ ಪಾಲಕಿ ಸದಾ ಜೊತೆಗಿರುತ್ತಾಳೆ. ಹಸುಗೂಸಿಗೆ ಬಾಟಲಿಯಲ್ಲಿ ಹಾಲು, ದೊಡ್ಡವಕ್ಕೆ ಗಂಜಿ, ಹಣ್ಣು, ತರಕಾರಿ. ಗಂಬಾದ ಕಾಡು ಸುಮಾರು 95 ಎಕರೆಯಷ್ಟೇ ಇದೆ. ಸುಮಾರು ಐವತ್ತು ಚಿಂಪಾಂಜಿಗಳಿಗೆ ಅದು ಸಾಲುವುದಿಲ್ಲ. ಹಾಗಾಗಿ ದಿನಕ್ಕೆ ಹಲವು ಸಲ ಆಹಾರ ಹಾಕಬೇಕು. ಚಿಕ್ಕವನ್ನು ಕಾಡಿಗೆ ನಡೆಸಿಕೊಂಡು ಹೋಗಬೇಕು, ಮರ ಹತ್ತುವ ಅಭ್ಯಾಸವಾಗಬೇಕಲ್ಲ! ಸಂಜೆ ಮತ್ತೆ ಎಣಿಕೆ.

ಇಷ್ಟು ಮಾಡಿದರೂ ಹೆಚ್ಚಿನ ಚಿಂಪಾಂಜಿಗಳನ್ನು ಕಾಡಿಗೆ ಬಿಡಲಾಗುವುದಿಲ್ಲ. ಕಾಡಿನ ಚಿಂಪಾಂಜಿಗಳು ಪರಕೀಯರನ್ನು ಕೊಲ್ಲುವುದುಂಟು. ಒಂದು ಮರಿಯನ್ನು ಬಿಡಿಸಿ ತಂದರೆ ಐವತ್ತು ವರ್ಷದ ಜವಾಬ್ದಾರಿ ಬಂತೆಂದೇ ಲೆಕ್ಕ. ಈ ಕಳ್ಳವ್ಯಾಪಾರ ನಮ್ಮಿಂದ ದೂರವೇನೂ ಇಲ್ಲ. 2019ರಲ್ಲಿ ಕೋಲ್ಕತ್ತದಲ್ಲಿ ಮೂರು ಚಿಂಪಾಂಜಿಗಳನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಹತ್ತಿರ ಬನ್ನೇರುಘಟ್ಟದಲ್ಲಿ ಕರಡಿ ಆಡಿಸುವವರಿಂದ ಬಿಡಿಸಿದ ಕರಡಿಗಳ ಆಶ್ರಯಧಾಮವಿದೆ. ಊರೂರಿಗೆ ಬರುತ್ತಿದ್ದ ಆ ಕರಡಿಗಳನ್ನು ನೋಡಿದ್ದೀರಾ ಎಂದು ನಿಮ್ಮ ಅಜ್ಜಿಯನ್ನು ಕೇಳಿ.

ಪರ್ವತ ಗೊರಿಲ್ಲಾ ಮರಿಗಳಿಗೆ ಕಾಂಗೊದ ವಿರುಂಗ ಉದ್ಯಾನದಲ್ಲಿ ಸೆಂಕ್ವೆಕ್ವೆ ಕೇಂದ್ರವಿದೆ. 2007ರಲ್ಲಿ ಸತ್ತ ತಾಯಿಯನ್ನು ಅಪ್ಪಿಕೊಂಡಿದ್ದ ಎರಡು ತಿಂಗಳ ಎಂಡಕಾಸಿ ಎಂಬ ಮರಿಯನ್ನು ಕಾವಲುಗಾರರು ಎತ್ತಿ ತಂದರು. ಒಬ್ಬ ಪಾಲಕ ರಾತ್ರಿಯಿಡೀ ಅದನ್ನು ಎದೆಗೊತ್ತಿ ಬೆಚ್ಚಗಿಟ್ಟ. 2021ರಲ್ಲಿ ಕಾಯಿಲೆಯಿಂದ ಸಾಯುವಾಗಲೂ ಅದು ಆತನ ತೋಳಿನಲ್ಲೇ ಇತ್ತು.

ನಿತ್ಯದ ದಾಖಲೆ

ಫಾಸಿ ಬದುಕಿದ್ದಾಗ, 1981ರ ಎಣಿಕೆಯಲ್ಲಿ ವಿರುಂಗದಲ್ಲಿ ಉಳಿದಿದ್ದ ಗೊರಿಲ್ಲಾಗಳು ಸುಮಾರು 250 ಮಾತ್ರ. ಕೆಲವೇ ವರ್ಷಗಳಲ್ಲಿ ಅವು ಪೂರ್ತಿ ಅಳಿಯುತ್ತವೆ ಎಂದು ಅವರು ಹೆದರಿದ್ದರು. 2015-16ರ ಎಣಿಕೆಯಲ್ಲಿ ಅಲ್ಲಿ 604 ಇದ್ದವು. ಬ್ವಿಂಡಿಯವೂ ಸೇರಿ ಒಟ್ಟು ಸಂಖ್ಯೆ ಈಗ 1,000 ದಾಟಿದೆ. ಅತಿ ಅಪಾಯದ ಅಂಚಿನಲ್ಲಿದ್ದ ಈ ಪ್ರಾಣಿಗಳನ್ನು 2018ರಲ್ಲಿ ಒಂದು ಮೆಟ್ಟಿಲು ಕಡಿಮೆ ಅಪಾಯದ ಪಟ್ಟಿಗೆ ಸೇರಿಸಲಾಯಿತು. ಹಾಗೆಂದು ಉರುಲುಗಳು ಇಲ್ಲವಾಗಿಲ್ಲ. 2012ರಲ್ಲಿ ಎರಡು ಎಳೆಯ ಗೊರಿಲ್ಲಾಗಳು ತಾವೇ ಉರುಲೊಂದನ್ನು ಕಿತ್ತುಹಾಕಿದ್ದನ್ನು ಕರಿಸೋಕೆಯ ಜಾಡುಗಾರರು ಕಣ್ಣಾರೆ ಕಂಡರು!

ಫಾಸಿಯ ಹಳೆಯ ಶಿಬಿರ 1990ರ ದಶಕದ ಯುದ್ಧದಲ್ಲಿ ಹಾಳಾಯಿತು. ಸಂಶೋಧನಾ ಕೇಂದ್ರ ಬೆಟ್ಟದ ಕೆಳಗಿನಿಂದ ಕೆಲಸ ಮುಂದುವರಿಸಿತು. 2022ರಲ್ಲಿ ಅದಕ್ಕೆ ಹೊಸ ಕಟ್ಟಡವಾಯಿತು. 1967ರಲ್ಲಿ ಫಾಸಿ ಆರಂಭಿಸಿದ ದಾಖಲೆಯನ್ನು, ಯಾವ ಗೊರಿಲ್ಲಾ ಯಾರ ಜೊತೆ ಇತ್ತು, ಎಲ್ಲಿ ಮಲಗಿತು ಎಂಬ ವಿವರಗಳನ್ನು, ಜಾಡುಗಾರರು ಬರೆಯುತ್ತಲೇ ಬಂದಿದ್ದಾರೆ.

ಆ 53 ವರ್ಷಗಳ ದಾಖಲೆಯನ್ನು ಜಾಲಾಡಿ ವಿಜ್ಞಾನಿಗಳು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು ವರ್ಷ ದಾಟಿದ ಮೇಲೆ ತಾಯಿಯನ್ನು ಕಳೆದುಕೊಂಡ ಮರಿಗಳ ಗತಿ ಏನಾಯಿತು ಎಂದು ಅವರು ನೋಡಿದರು. ಅಂಥ ಮರಿಗಳು ಬೇಗ ಸಾಯುತ್ತವೆ ಎಂದುಕೊಂಡಿದ್ದರೆ ಹಾಗೆ ಆಗಿರಲಿಲ್ಲ. ತಾಯಿ ಇದ್ದ ಮರಿಗಳಷ್ಟೇ ಅವೂ ಬದುಕಿದ್ದವು. ಕಾರಣ ಹಿಂಡು. ತಾಯಿ ಹೋದ ಮೇಲೆ ಮರಿಯ ಸುತ್ತ ಉಳಿದವು ಹೆಚ್ಚು ಹೊತ್ತು ಕಳೆಯುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಹಿಂಡಿನ ಯಜಮಾನ ಗಂಡೇ ಮರಿಗೆ ಹತ್ತಿರವಾಗುತ್ತಿತ್ತು. 1978ರಲ್ಲಿ ಟೈಗರ್ ಮಾಡಿದ್ದು ಇದನ್ನೇ. ರಾತ್ರಿಯಾದರೆ ಆ ದೊಡ್ಡ ಬೆಳ್ಳಿಬೆನ್ನಿನ ಗೊರಿಲ್ಲಾ ತನ್ನ ಗೂಡಿನಲ್ಲಿ ತಬ್ಬಲಿ ಮರಿಗೆ ಜಾಗ ಕೊಟ್ಟು ಮಲಗಿಸಿಕೊಳ್ಳುತ್ತದೆ.